ಎಲೆಗೇರಿಯ ಬಾಗಿಲು

ಮಾಣಿಕದುರ್ಗಕ್ಕೆ ಮೊದಲ ಸಲ ಬಂದ ಪರದೇಶದ ವರ್ತಕರು ಬೆರಗಾಗುತ್ತಿದ್ದುದು ಬೆಟ್ಟದ ನಡುವಿಗೆ ಬಿಗಿದ ಕರಿಗಲ್ಲಿನ ಕೋಟೆಯನ್ನು ಕಂಡಲ್ಲ, ಆನೆಬಾಗಿಲ ಮೇಲೆ ಹೊತ್ತುಹೊತ್ತಿಗೆ ಮೊಳಗುವ ನಗಾರಿಯನ್ನು ಕೇಳಿಯೂ ಅಲ್ಲ. ಆ ನಗರದ ಬಾಯನ್ನು ಕಂಡು. ರಾಜಬೀದಿಯ ಎರಡೂ ಮಗ್ಗುಲಲ್ಲಿ ಮುತ್ತು, ಜರತಾರಿ, ಶ್ರೀಗಂಧಗಳನ್ನು ಹರವಿಕೊಂಡು ಕುಳಿತ ಸೆಟ್ಟರಿಂದ ಹಿಡಿದು ಕೊತ್ತಲದ ಮೇಲೆ ತೂಕಡಿಸುವ ಬಂಟರವರೆಗೆ ಎಲ್ಲರ ಬಾಯಲ್ಲೂ ವೀಳ್ಯ, ಎಲ್ಲರ ತುಟಿಯೂ ಕೆಂಪು. ವ್ಯಾಪಾರ ಕುದುರಿದರೆ ವೀಳ್ಯ, ಜಗಳ ಹರಿದರೆ ವೀಳ್ಯ, ಹೆಣ್ಣು ಗೊತ್ತಾದರೆ ವೀಳ್ಯ, ದಂಡು ಹೊರಟರೆ ವೀಳ್ಯ. ಕೋಟೆಯ ಗೋಡೆಗೆ ಸುಣ್ಣ ಬಳಿದ ಮರುದಿನವೇ ಅದಕ್ಕೊಂದು ಕೆಂಪಂಚು ಮೂಡುತ್ತಿತ್ತು. ಹಿಂದಿನ ಅರಸರು ಹಾಗೆ ಉಗುಳಿದವರಿಗೆ ದಂಡ ವಿಧಿಸಹೊರಟು, ದಂಡ ವಸೂಲಿಗೆ ನೇಮಿಸಿದ ಅಧಿಕಾರಿಯೇ ಗೋಡೆಯ ಕಡೆ ತಿರುಗಿ ನಿಂತದ್ದನ್ನು ಕಣ್ಣಾರೆ ಕಂಡು ಆ ಸಾಹಸವನ್ನು ಕೈಬಿಟ್ಟಿದ್ದರು.

ಅಂಥ ನಗರದ ಬಾಯಿ ಆ ಬೇಸಿಗೆಯಲ್ಲಿ ಒಣಗಿತು. ಕೋಟೆಯ ತೆಂಕಣ ಮೂಲೆಯಲ್ಲಿ, ಎಲೆಬಳ್ಳಿಯ ತೋಟಗಳಿಗೆ ಅಂಟಿಕೊಂಡಂತೆ ಎಲೆಗಾರರ ಒಂದು ಕೇರಿಯಿತ್ತು. ಊರವರು ಅದನ್ನು ಎಲೆಗೇರಿ ಎನ್ನುತ್ತಿದ್ದರು; ನಗರದ ಎಲೆಯೆಲ್ಲ ಬರುತ್ತಿದ್ದುದು ಅಲ್ಲಿಂದಲೇ. ಆ ಕೇರಿಗೆ ವಾಂತಿಭೇದಿ ಬಡಿಯಿತು. ಬೆಳಿಗ್ಗೆ ಎಲೆ ಕೊಯ್ದವನು ಸಂಜೆಗೆ ಚಟ್ಟವೇರಿದ. ಕೇರಿಗೆಲ್ಲ ಇದ್ದುದು ಒಂದೇ ಬಾವಿ. ಬೇನೆ ಆ ಬಾವಿಯ ನೀರಿನ ಬೆನ್ನು ಹತ್ತಿ ನಡೆಯುತ್ತಿದೆಯೆಂದು ಅರಮನೆಯ ವೈದ್ಯರು ಹೇಳಿದರು. ಪ್ರಧಾನಿ ಬೊಮ್ಮರಸಯ್ಯನವರು ತಡಮಾಡಲಿಲ್ಲ. ಕೇರಿಯ ಬಾಯಿಗೆ ಮರದ ಹೆಬ್ಬಾಗಿಲು ನಿಲ್ಲಿಸಿ ಕಾವಲು ಹಾಕಿದರು. ಕಡೆಯ ರೋಗಿ ಎದ್ದು ಕುಳಿತು ಒಂದು ಹುಣ್ಣಿಮೆ ಕಳೆಯುವವರೆಗೆ ಒಳಗಿನವರು ಹೊರಬರಕೂಡದು. ಅವರಿಗೆ ದವಸಧಾನ್ಯ ಅರಮನೆಯ ಕಣಜದಿಂದ ಹೋಗಬೇಕು. ಆ ಬಾವಿಯ ನೀರು ಒಂದು ತೊಟ್ಟೂ ಈಚೆಗೆ ದಾಟಕೂಡದು. ಆಜ್ಞೆ ಕಟುವಾಗಿತ್ತು, ಆದರೆ ಬೇನೆ ಬೇರೆ ಬೀದಿಗೆ ಹಬ್ಬಲಿಲ್ಲ.

ಆಜ್ಞೆಯಲ್ಲಿ ಒಂದೇ ಒಂದು ಕಿಂಡಿ ಉಳಿಯಿತು. ಪ್ರತಿದಿನ ಬೆಳಿಗ್ಗೆ ಅರಮನೆಗೆ ಒಂದು ಬುಟ್ಟಿ ಎಲೆ ಹೊರಬರುತ್ತಿತ್ತು.

ಅದಕ್ಕೆ ಕಾರಣವಿತ್ತು. ಮಾಣಿಕದುರ್ಗದ ಆಸ್ಥಾನದಲ್ಲಿ ಅರಸರು ಸಿಂಹಾಸನದಿಂದ ತಮ್ಮ ಕೈಯಾರೆ ವೀಳ್ಯ ಕೊಟ್ಟರೆ ಸಭೆ ಮುಗಿಯಿತು, ಕೊಡದಿದ್ದರೆ ಮುಗಿಯಲಿಲ್ಲ. ಪಡೆದವನು ಅಲ್ಲಿಯೇ, ಅರಸರ ಕಣ್ಣೆದುರಿನಲ್ಲಿಯೇ ಅದನ್ನು ಬಾಯಿಗಿಟ್ಟುಕೊಳ್ಳಬೇಕು. ಇಟ್ಟುಕೊಂಡನೆಂದರೆ ಸ್ವಾಮಿನಿಷ್ಠೆಯ ಪ್ರಮಾಣ ಮಾಡಿದಂತೆ. ಕೇರಿ ಮುಚ್ಚುವ ವಿಚಾರ ಸಭೆಗೆ ಬಂದಾಗ ದಳವಾಯಿ ಸಿಂಗಣ್ಣನವರು ಮೀಸೆಯಡಿಯಲ್ಲಿ ನಕ್ಕು ಕೇಳಿದ್ದರು:

"ಅರಸರ ವೀಳ್ಯವನ್ನು ನಿಲ್ಲಿಸುವುದೆಂದರೆ ಅರಸರನ್ನೇ ನಿಲ್ಲಿಸಿದಂತೆ ಅಲ್ಲವೆ, ಪ್ರಧಾನಿಗಳೇ? ಒಡೆಯರಿಗೆ ಪಟ್ಟವಾಗಿ ಇನ್ನೂ ವರ್ಷ ತುಂಬಿಲ್ಲ. ಇಷ್ಟು ಬೇಗ ಯಾರಿಗೆ ಆತುರ?"

ಇಡೀ ಸಭೆ ಪ್ರಧಾನಿಗಳ ಮುಖ ನೋಡಿತು. ಬೊಮ್ಮರಸಯ್ಯನವರು ಹುಟ್ಟಾ ಸಂಶಯದ ಮನುಷ್ಯ. ಕುಡಿಯುವ ಹಾಲನ್ನೂ ಮೂಸಿ ನೋಡದೆ ತುಟಿಗಿಡುತ್ತಿರಲಿಲ್ಲ. ಇಬ್ಬರು ಅರಸರ ಕಾಲದಲ್ಲಿ ಅವರ ತಲೆಯನ್ನು ಹೆಗಲ ಮೇಲೆ ಉಳಿಸಿದ್ದು ಆ ಸಂಶಯವೇ. ಆದರೆ ಅನ್ಯರನ್ನು ಸಂಶಯಿಸಿ ಬದುಕಿದವನಿಗೆ ತನ್ನನ್ನು ಅನ್ಯರು ಸಂಶಯಿಸುವುದು ತಡೆಯಲಾಗದ ಸಂಕಟ. ಬುಟ್ಟಿ ಬರಲಿ ಎಂದುಬಿಟ್ಟರು. ಎಲೆಗೇರಿಯವರು ಬುಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಸರಿಯುವರು, ಅರಮನೆಯ ಆಳು ಎತ್ತಿಕೊಂಡು ಹೋಗುವನು, ಯಾರೂ ಯಾರನ್ನೂ ಮುಟ್ಟುವುದಿಲ್ಲ. ಇಷ್ಟರಿಂದ ಏನಾದೀತೆಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡರು.

ಹೀಗಾಗಿ ನಗರದಲ್ಲೆಲ್ಲ ತುಟಿಗಳು ಬಿಳಿಚಿರುವಾಗ ಅರಮನೆಯಿಂದ ಹೊರಬರುವವರ ತುಟಿ ಮಾತ್ರ ಕೆಂಪಾಗಿರುತ್ತಿತ್ತು. ಅಗಿಯಲು ಎಲೆಯಿಲ್ಲದ ಜನ ಸುದ್ದಿ ಅಗಿಯತೊಡಗಿದರು. ಆ ಸುದ್ದಿಗೆ ಮೇವು ಬಲುಬೇಗ ಸಿಕ್ಕಿತು. ಕೆಂಪು ತುಟಿಯ ಮೂವರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು: ಅರಸರ ಸೋದರಮಾವ, ಲಾಯದ ಮುಖ್ಯಸ್ಥ, ಭಂಡಾರದ ಅಧಿಕಾರಿ. ಮೂವರೂ ದಳವಾಯಿಗಳ ಕಡೆಯವರು. ಮೂವರೂ ಅರಸರ ಕೈಯಿಂದಲೇ ವೀಳ್ಯ ಪಡೆದವರು. ಭಂಡಾರದ ಅಧಿಕಾರಿ ಸತ್ತೇಹೋದನು.

ವೀಳ್ಯ ಕೊಡುತ್ತಿದ್ದ ಅರಸ ಮುದ್ದವೀರ ಒಡೆಯರಿಗಾದರೋ ಕೂದಲೂ ಕೊಂಕಲಿಲ್ಲ. ಕೊಂಕುವುದಾದರೂ ಹೇಗೆ? ತಂದೆ ತೀರಿಕೊಂಡು ವರ್ಷ ಕಳೆಯುವವರೆಗೆ ಮಗನು ತಾಂಬೂಲವನ್ನು ಮುಟ್ಟಬಾರದು; ಆ ನೇಮವನ್ನು ಯುವಕ ಅರಸರು ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಆದರೆ ಸಂಶಯಕ್ಕೆ ಶ್ರದ್ಧೆ ಕಾಣಿಸುತ್ತದೆಯೆ? ಅರಸರು ಕೊಡುತ್ತಾರೆ, ತಿನ್ನುವುದಿಲ್ಲ. ತಿಂದವರು ಸಾಯುತ್ತಾರೆ ಎಂದು ಪೇಟೆಯಲ್ಲಿ ಪಿಸುಗುಟ್ಟಿದರು. ಎಲೆಗೆ ವಿಷ ಸವರುವವರು ಎಲೆಗೇರಿಯವರು, ಸವರಿಸುವವರು ಪ್ರಧಾನಿಗಳು, ಎಳೆಯ ಅರಸರಿಗೆ ಏನೂ ತಿಳಿಯದು ಎಂದು ದಂಡಿನ ಮನೆಗಳಲ್ಲಿ ಆಡಿಕೊಂಡರು. ಅರಸರ ಎಲೆಯ ಸಂಚಿ ಹಿಡಿಯುವ ಹಡಪದ ಸಂಕಣ್ಣನನ್ನು ದಳವಾಯಿಗಳು ಹಿಡಿದು ಸೆರೆಗೆ ತಳ್ಳಿದರು.

ಬೊಮ್ಮರಸಯ್ಯನವರು ಬೇರೊಂದನ್ನು ಕಂಡಿದ್ದರು. ಸಭೆಯಲ್ಲಿ ದಳವಾಯಿಗಳಿಗೂ ದಿನವೂ ವೀಳ್ಯ ಸಲ್ಲುತ್ತಿತ್ತು. ಸಿಂಗಣ್ಣನವರು ಅದನ್ನು ಕಣ್ಣಿಗೊತ್ತಿಕೊಂಡು, ಉತ್ತರೀಯವನ್ನು ಬಾಯಿಗೆ ಅಡ್ಡ ಹಿಡಿದು, ದವಡೆಯನ್ನು ಸೊಗಸಾಗಿ ಆಡಿಸುತ್ತಿದ್ದರು; ಕೈ ಮಾತ್ರ ಮೆಲ್ಲನೆ ನಡುಪಟ್ಟಿಯ ಮಡಿಕೆಗೆ ಇಳಿಯುತ್ತಿತ್ತು. ಅವರ ತುಟಿ ಕೆಂಪಾದದ್ದನ್ನು ಪ್ರಧಾನಿಗಳು ಕಾಣಲೇ ಇಲ್ಲ. ತಿನ್ನದಿರುವವನಿಗೆ ತಿನ್ನಬಾರದ ಕಾರಣ ಗೊತ್ತಿರಲೇಬೇಕು. ವಿಷ ಇವನದೇ, ತನ್ನವರನ್ನೇ ಬಲಿಕೊಟ್ಟು ಅಪವಾದವನ್ನು ನನ್ನ ತಲೆಗೆ ಕಟ್ಟುತ್ತಿದ್ದಾನೆ ಎಂದು ಅವರು ನಿಶ್ಚಯಿಸಿದರು. ವಿಷ ಬುಟ್ಟಿಗೆ ಎಲ್ಲಿ ಬೀಳುತ್ತದೆಂದು ಕಣ್ಣಾರೆ ನೋಡಬೇಕೆಂದು ಒಂದು ಬೆಳಿಗ್ಗೆ ಯಾರಿಗೂ ಹೇಳದೆ, ಒಂದು ಮಾಸಲು ಹಚ್ಚಡ ಹೊದ್ದು, ಎಲೆಗೇರಿಯ ಕಾವಲುಮನೆಯ ಮರೆಯಲ್ಲಿ ನಿಂತರು.

ಹೆಬ್ಬಾಗಿಲಿನ ದಿಡ್ಡಿ ತೆರೆಯಿತು. ಕೇರಿಯ ಯಜಮಾನಿ ಮಾಕಮ್ಮ ಹೊಸ್ತಿಲ ಒಳಗೆ ನಿಂತಿದ್ದಳು. ಎಲುಬಿನ ಹಂದರದಂಥ ಮುದುಕಿ, ಆದರೆ ಬೆನ್ನು ಬಾಗಿರಲಿಲ್ಲ. ಕೈಯಲ್ಲಿ ಒಂದು ಮಣ್ಣಿನ ಗಡಿಗೆ. ಪಕ್ಕದ ಬೀದಿಗೆ ಮದುವೆಮಾಡಿ ಕೊಟ್ಟಿದ್ದ ಅವಳ ಮಗಳು ಅಲ್ಲಿ ಹೆತ್ತು ಮಲಗಿದ್ದಳು. ಗಡಿಗೆಯನ್ನು ಅವಳು ಹೊಸ್ತಿಲ ಮೇಲಿಟ್ಟಳೋ ಇಲ್ಲವೋ, ಕಾವಲಿನವನು ಈಟಿಯ ಹಿಡಿಯಿಂದ ಅದನ್ನು ಒಡೆದುಹಾಕಿದನು. ಬಿಳಿಯ ಗಂಜಿ ಧೂಳಿನಲ್ಲಿ ಹರಿಯಿತು.

"ಯಾಕಪ್ಪಾ ಒಡೆದೆ? ಬಾಣಂತಿಗೆ ಅಂತ ಕಾಯಿಸಿದ್ ಗಂಜಿ ಕಣಪ್ಪಾ ಅದು."

"ನಾನೇನ್ ಮಾಡ್ಲಿ ಅಜ್ಜಿ? ಆ ಬಾವಿ ನೀರು ಒಂದ್ ತೊಟ್ಟೂ ಆಚೆ ಬರಂಗಿಲ್ಲ. ಪ್ರಧಾನಿಗಳ ಅಪ್ಪಣೆ."

ಅಷ್ಟರಲ್ಲಿ ಒಳಗಿನಿಂದ ಬುಟ್ಟಿ ಬಂತು. ರೇಷ್ಮೆಯ ವಸ್ತ್ರ ಹೊದಿಸಿದ, ಅರಸರ ಮುದ್ರೆ ಕಟ್ಟಿದ ಬುಟ್ಟಿ. ಈಟಿ ಎತ್ತಿದ್ದ ಅದೇ ಕಾವಲಿನವನು ಅದಕ್ಕೆ ಕೈಮುಗಿದು ಪಕ್ಕಕ್ಕೆ ಸರಿದನು. ಅರಮನೆಯ ಆಳು ಅದನ್ನು ತಲೆಯ ಮೇಲಿಟ್ಟುಕೊಂಡು ಹೊರಟನು. ಎಲೆ ಬಾಡದಿರಲೆಂದು ಚೆನ್ನಾಗಿ ನೀರು ಚಿಮುಕಿಸಿದ್ದರು. ಬುಟ್ಟಿಯ ತಳದಿಂದ ಹನಿಹನಿಯಾಗಿ ನೀರು ಸುರಿಯುತ್ತಿತ್ತು.

ಬೊಮ್ಮರಸಯ್ಯನವರು ನೆಲವನ್ನು ನೋಡಿದರು. ಹೊಸ್ತಿಲಿನಿಂದ ಹಿಡಿದು ರಾಜಬೀದಿಯ ತಿರುವಿನವರೆಗೆ ಧೂಳಿನಲ್ಲಿ ಹನಿಗಳ ಸಾಲು. ದಿನವೂ ಅದೇ ಸಾಲು, ದಿನವೂ ಅದೇ ಬಾವಿಯ ನೀರು, ನೇರವಾಗಿ ಅರಮನೆಯ ಒಳಕ್ಕೆ. ಯಾರೂ ವಿಷ ಬೆರೆಸಿರಲಿಲ್ಲ. ಬೆರೆಸುವ ಅಗತ್ಯವೇ ಇರಲಿಲ್ಲ. ಅವರು ಕಾವಲುಮನೆಯ ಮರೆಯಿಂದ ಈಚೆಗೆ ಬಂದು ಆ ಹನಿಗಳ ಮೇಲೆ ಬಾಗಿದರು.

ಹಚ್ಚಡ ಜಾರಿತ್ತು. ಮಾಕಮ್ಮ ಅವರ ಗುರುತು ಹಿಡಿದಳು.

"ಬುದ್ದೀ, ನೀವೇ ಇದ್ದೀರಲ್ಲ, ಒಂದ್ ಮಾತ್ ಕೇಳ್ತೀನಿ. ಊರಿಗ್ ಒಳ್ಳೇದಾಗ್ಲಿ ಅಂತ ನಮ್ಮನ್ ಕೂಡಿಹಾಕಿದ್ರಿ. ಆಗ್ಲಿ ಅಂತ ಒಪ್ಕಂಡ್ವಿ. ನನ್ ಮಗ ಹೋದ, ಬಾಗ್ಲು ತೆಗೀರಿ ಅನ್ನಲಿಲ್ಲ. ಆ ಊರಿನೊಳಗೆ ಅರಮನೆ ಇಲ್ವಾ ಬುದ್ದಿ? ಕಟ್ಟು ಅಂದ್ರೆ ಎಲ್ರಿಗೂ ಕಟ್ಟು. ನಮ್ ಗಂಜಿಗೆ ಕಟ್ಟು, ಅರಸರ ಎಲೆಗೆ ಬಯಲು ಅಂದ್ರೆ ಅದು ಕಟ್ಟಲ್ಲ, ಸೆರೆಮನೆ."

ಪ್ರಧಾನಿಗಳು ತಲೆ ತಗ್ಗಿಸಿಕೊಂಡು ಆ ಹನಿಗಳ ಸಾಲನ್ನೇ ಹಿಡಿದು ಅರಮನೆಯ ಕಡೆ ನಡೆದರು. ಅರ್ಧ ದಾರಿಯಲ್ಲಿ ಒಣಹುಲ್ಲು ಹೇರಿದ ಗಾಡಿಗಳು ಎದುರಾದವು. ಜೊತೆಗೆ ದಳವಾಯಿಗಳ ಬಂಟರು, ಎಣ್ಣೆಯ ಕೊಡಗಳು. ಗಾಡಿಗಳು ಎಲೆಗೇರಿಯ ಕಡೆ ತಿರುಗಿದವು.

ಸಭೆ ಆಗಲೇ ಕೂಡಿತ್ತು. ಯಾರೂ ಯಾರ ಪಕ್ಕಕ್ಕೂ ಒತ್ತಿ ಕುಳಿತಿರಲಿಲ್ಲ. ಒಬ್ಬೊಬ್ಬರ ಕಣ್ಣೂ ಮತ್ತೊಬ್ಬರ ಕೈಯ ಮೇಲಿತ್ತು. ಸಿಂಗಣ್ಣನವರು ಎದ್ದು ನಿಂತಿದ್ದರು.

"ಮಹಾಸ್ವಾಮಿ, ಎಲೆಗೇರಿಯವರು ತಮ್ಮನ್ನು ಬಂಧಿಸಿದ ಹಗೆಯಿಂದ ಅರಮನೆಗೆ ವಿಷದ ಎಲೆ ಕಳುಹುತ್ತಿದ್ದಾರೆ. ಅವರ ಬೆನ್ನಿಗೆ ನಿಂತವರು ಈ ಸಭೆಯಲ್ಲಿಯೇ ಇದ್ದಾರೆ. ಇಂದು ಬೆಳಿಗ್ಗೆ ಪ್ರಧಾನಿಗಳು ವೇಷ ಮರೆಸಿಕೊಂಡು ಆ ಕೇರಿಯ ಮುದುಕಿಯೊಡನೆ ಗುಟ್ಟಾಗಿ ಮಾತನಾಡಿದ್ದನ್ನು ನನ್ನ ಬಂಟರು ಕಂಡಿದ್ದಾರೆ. ಬೇನೆ, ವಿಷ, ದ್ರೋಹ ಮೂರಕ್ಕೂ ಒಂದೇ ಮದ್ದು. ಸೂರ್ಯಾಸ್ತಕ್ಕೆ ಮುನ್ನ ಆ ಕೇರಿಗೆ ಬೆಂಕಿಯಿಡಲು ಅಪ್ಪಣೆಯಾಗಬೇಕು."

"ಒಳಗೆ ಜನರಿದ್ದಾರಲ್ಲ!" ಎಂದರು ಒಡೆಯರು.

"ಊರಿನ ಹಿತಕ್ಕಾಗಿ, ಮಹಾಸ್ವಾಮಿ."

ಆ ಮಾತು ಬೊಮ್ಮರಸಯ್ಯನವರಿಗೆ ಚುರುಕ್ಕೆಂದಿತು. ಬಾಗಿಲು ಮುಚ್ಚಿಸಿದ ದಿನ ಅವರೂ ಅದೇ ಮಾತನ್ನು ಹೇಳಿದ್ದರು. ಅವರು ಸಿಂಹಾಸನದ ಮುಂದೆ ಬಂದು, ಎಲ್ಲರೂ ಕಾಯುತ್ತಿದ್ದ ನಿರಾಕರಣೆಯನ್ನು ಮಾಡದೆ, ಯಾರೂ ನಿರೀಕ್ಷಿಸದಿದ್ದ ತಪ್ಪೊಪ್ಪಿಗೆ ಮಾಡಿದರು.

"ಸತ್ತವನನ್ನು ಕೊಂದವನು ನಾನೇ, ಮಹಾಸ್ವಾಮಿ. ಆದರೆ ವಿಷದಿಂದಲ್ಲ. ಬಡವರ ಗಡಿಗೆಗೆ ಅಡ್ಡ ಹಾಕಿದ ಆಜ್ಞೆಯನ್ನು ಅರಮನೆಯ ಬುಟ್ಟಿಗೆ ಸಡಿಲಿಸಿದೆ. ಎಲೆಯ ಜೊತೆಯಲ್ಲಿ ಆ ಬಾವಿಯ ನೀರು ನಿತ್ಯವೂ ಒಳಗೆ ಬಂತು. ನನ್ನನ್ನು ರಾಜದ್ರೋಹಿ ಎಂದಾರೆಂಬ ಅಂಜಿಕೆಯಿಂದ ಸುಮ್ಮನಾದೆ. ಮೊದಲು ಮುಚ್ಚಿಸಬೇಕಾಗಿದ್ದದ್ದು ಬಾವಿಯನ್ನು. ಅರಮನೆಯ ಕೊಳದಿಂದ ಕೇರಿಗೆ ನೀರು ಕೊಡಿಸಬೇಕಾಗಿತ್ತು. ಸುಲಭವೆಂದು ಮನುಷ್ಯರನ್ನು ಮುಚ್ಚಿಸಿದೆ."

ಸಿಂಗಣ್ಣನವರು ಗಟ್ಟಿಯಾಗಿ ನಕ್ಕು, ಸಿಂಹಾಸನದ ಪಕ್ಕದಲ್ಲಿದ್ದ ಅಂದಿನ ಎಲೆಯ ಬುಟ್ಟಿಯತ್ತ ಕೈ ತೋರಿದರು. "ಕಥೆ ಸೊಗಸಾಗಿದೆ. ವಿಷವಿಲ್ಲವೆಂದಮೇಲೆ ಅಂಜಿಕೆಯೇಕೆ? ಈ ಬುಟ್ಟಿಯ ಎಲೆಯನ್ನು ಪ್ರಧಾನಿಗಳು ನಮ್ಮೆಲ್ಲರ ಮುಂದೆ ಜಗಿಯಲಿ!"

ಬೊಮ್ಮರಸಯ್ಯನವರಿಗೆ ಸಾವಿನ ಭಯವಿರಲಿಲ್ಲವೆಂದು ಹೇಳಿದರೆ ಅದು ಸುಳ್ಳು. ಹಾಲನ್ನೂ ಮೂಸುವ ಮನುಷ್ಯನಿಗೆ ಭಯವಿರದೆ ಇದ್ದೀತೆ? ಜಗಿಯಲಾರೆ ಎಂದರೆ ವಿಷವುಂಟೆಂದು ಒಪ್ಪಿದಂತೆ. ಹುಲ್ಲಿನ ಗಾಡಿಗಳು ಆಗಲೇ ಕೇರಿಯ ಬಾಗಿಲಲ್ಲಿದ್ದವು. ಜಗಿದರೆ ಬಾವಿಯ ಬೇನೆಯನ್ನು ಕೈಯಾರೆ ಒಳಗೆ ಕರೆದಂತೆ. ಅವರು ಒಡೆಯರ ಮುಂದೆ ಅಂಗೈ ಚಾಚಿದರು.

"ಮಹಾಸ್ವಾಮಿಗಳ ಕೈಯಿಂದಲೇ ದಯಪಾಲಿಸೋಣವಾಗಲಿ."

ಒಡೆಯರನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದವರು ಇದೇ ಬೊಮ್ಮರಸಯ್ಯನವರು. "ಬೇಡ, ಅಯ್ಯನವರೇ," ಎಂದು ಒಡೆಯರು ಸಭೆಯ ಮರ್ಯಾದೆಯನ್ನೂ ಮರೆತು ಮೆಲ್ಲನೆ ಹೇಳಿದರು.

"ಪ್ರಭು, ಈ ಒಂದು ಎಲೆಯನ್ನು ಕೊಡದಿದ್ದರೆ ಕೇರಿಗೆ ಕೇರಿಯೇ ಉರಿಯುತ್ತದೆ. ವಿಷವಾದರೆ ದೀಪ ಹಚ್ಚುವುದರೊಳಗೆ ನಾನು ಇಲ್ಲಿಯೇ ಬೀಳುತ್ತೇನೆ. ಆಗ ದಳವಾಯಿಗಳ ಮಾತು ನಡೆಯಲಿ. ಬೀಳದಿದ್ದರೆ ಗಾಡಿಗಳು ಹಿಂದಿರುಗಲಿ, ಅರಮನೆಗೆ ಬುಟ್ಟಿ ಬರುವುದು ನಿಲ್ಲಲಿ, ಸಂಕಣ್ಣನಿಗೆ ಬಿಡುಗಡೆಯಾಗಲಿ. ಇಷ್ಟೇ ನನ್ನ ಬಿನ್ನಹ."

ಒಡೆಯರು ಬುಟ್ಟಿಯಿಂದ ಒಂದು ಎಲೆ ತೆಗೆದು ಕೊಟ್ಟರು. ಬೊಮ್ಮರಸಯ್ಯನವರು ಬಾಳಿನಲ್ಲಿ ಮೊದಲ ಸಲ ಮೂಸದೆ, ತಿರುಗಿಸಿ ನೋಡದೆ, ನೀರು ಒಸರುವ ಆ ಎಲೆಯನ್ನು ಬಾಯಿಗಿಟ್ಟು ಜಗಿದರು. ಬಳಿಕ ದಳವಾಯಿಗಳ ಕಡೆ ತಿರುಗಿದರು.

"ಸಿಂಗಣ್ಣನವರಿಗೂ ಒಂದು ದೊರೆಯಲಿ ಎನ್ನುತ್ತಿದ್ದೆ. ಬೇಡ, ಅವರ ನಡುಪಟ್ಟಿಯಲ್ಲಿ ಬೇಕಾದಷ್ಟಿರಬೇಕು."

ಒಡೆಯರು ಕಣ್ಸನ್ನೆ ಮಾಡಿದರು. ಮೈಗಾವಲಿನವರು ದಳವಾಯಿಗಳ ನಡುಪಟ್ಟಿ ಬಿಚ್ಚಿದರು. ಒಣಗಿದ, ಅರೆಒಣಗಿದ, ನಿನ್ನೆಯ ಎಲೆಗಳು ಸಭೆಯ ನಡುವೆ ಉದುರಿದವು. ಸ್ವಾಮಿನಿಷ್ಠೆಯ ಅಷ್ಟೂ ಪ್ರಮಾಣಗಳನ್ನು ಸಿಂಗಣ್ಣನವರು ಸೊಂಟದಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದರು. ಅವರ ಮುಖ ಇದ್ದಿಲಾಯಿತು.

"ವಿಷ ಬೆರೆಸಿದವನು ನಾನಲ್ಲ," ಎಂದು ತೊದಲಿದರು. "ನನಗೆ ಇವರ ಮೇಲೆ ಅನುಮಾನವಿತ್ತು."

"ನನಗೂ ನಿಮ್ಮ ಮೇಲೆಯೇ ಇತ್ತು," ಎಂದರು ಪ್ರಧಾನಿಗಳು. "ನಾವಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕುಳಿತೆವು, ಬೇನೆ ನಮ್ಮಿಬ್ಬರ ನಡುವೆಯೇ ನಡೆದು ಒಳಗೆ ಬಂತು."

ದೀಪಗಳನ್ನು ಹಚ್ಚುವವರೆಗೆ ಯಾರೂ ಏಳಲಿಲ್ಲ. ಬೊಮ್ಮರಸಯ್ಯನವರು ಬೀಳಲಿಲ್ಲ. ಒಡೆಯರು ಎದ್ದು ನಿಂತು, ಗಾಡಿಗಳನ್ನು ಹಿಂದಕ್ಕೆ ಕರೆಸಿ, ಸಂಕಣ್ಣನನ್ನು ಸೆರೆಯಿಂದ ಬಿಡಿಸಿ, ಇನ್ನು ಕೇರಿಯ ಬಾಗಿಲು ತೆರೆಯುವವರೆಗೆ ಈ ಆಸ್ಥಾನದಲ್ಲಿ ತಾಂಬೂಲವಿಲ್ಲವೆಂದು ಸಾರಿದರು. ಎಲೆಗೇರಿಯ ಬಾವಿಯನ್ನು ಮುಚ್ಚಿಸಿ, ಅರಮನೆಯ ಕೊಳದ ನೀರನ್ನು ಆನೆಗಳ ಮೇಲೆ ಹೇರಿಸಿ ಕೇರಿಗೆ ಮುಟ್ಟಿಸುವ ಉಸ್ತುವಾರಿ ದಳವಾಯಿಗಳದಾಯಿತು. ಹೊರಗಿನ ಬಂಧುಗಳು ಬಂದು ದೂರದಲ್ಲಿ ನಿಂತು ತಮ್ಮವರ ಮುಖ ನೋಡಿ ಮಾತಾಡಲು ದಿನವೂ ದಿಡ್ಡಿ ತೆರೆಯಬೇಕೆಂದೂ ಅಪ್ಪಣೆಯಾಯಿತು. ಮಾಣಿಕದುರ್ಗದ ಸಭೆ ಮೊದಲ ಬಾರಿಗೆ ಕೊನೆಯ ವೀಳ್ಯವಿಲ್ಲದೆ ಮುಗಿಯಿತು.

ಆದರೆ ಪ್ರಧಾನಿಗಳು ಮನೆಗೆ ಹೋಗಲಿಲ್ಲ. ಆ ಬಾವಿಯ ನೀರು ಸೋಕಿದವನು ಆ ಕೇರಿಯೊಳಗೇ ಇರಬೇಕೆಂಬುದು ಅವರದೇ ಆಜ್ಞೆಯಾಗಿತ್ತು. ಒಂದು ತಂಬಿಗೆ, ಒಂದು ಕಂಬಳಿ ಹಿಡಿದು ಎಲೆಗೇರಿಯ ಬಾಗಿಲಿಗೆ ಬಂದು, ಬೆರಗಾಗಿ ನಿಂತ ಕಾವಲಿನವನಿಂದ ದಿಡ್ಡಿ ತೆರೆಸಿ ಒಳಗೆ ಹೋದರು.

"ನೀವ್ಯಾಕ್ ಬಂದ್ರಿ ಬುದ್ದಿ?" ಎಂದು ಮಾಕಮ್ಮ ಅನುಮಾನದಿಂದಲೇ ಕೇಳಿದಳು.

"ನಾನು ಹಾಕಿದ ಕಟ್ಟು ನನ್ನನ್ನೂ ಹಿಡಿಯಿತು, ತಾಯಿ."

ಅವಳು ನಂಬಲಿಲ್ಲ, ಕೇರಿಯ ಯಾರೂ ನಂಬಲಿಲ್ಲ. ದೊಡ್ಡವರ ಆಟ, ನಾಳೆ ಪಲ್ಲಕ್ಕಿ ಬಂದೀತು, ಹೊತ್ತುಕೊಂಡು ಹೋದಾರು ಎಂದು ಜಗುಲಿಗಳ ಮೇಲೆ ಮಾತಾಡಿಕೊಂಡರು. ಮರುದಿನ ಸಂಜೆ ಬೊಮ್ಮರಸಯ್ಯನವರಿಗೆ ಬೇನೆ ತಗುಲಿತು. ಅದರ ಮಾರನೆಯ ಬೆಳಿಗ್ಗೆ ಕೇರಿಯವರು ಅಂದಂತೆಯೇ ಪಲ್ಲಕ್ಕಿ ಬಂತು. ಒಡೆಯರು ದುಃಖ ತಡೆಯಲಾರದೆ ತಮ್ಮ ಸ್ವಂತ ಪಲ್ಲಕ್ಕಿಯನ್ನೇ ಕಳುಹಿಸಿದ್ದರು. ಬಾಗಿಲು ತೆರೆದು ಅಯ್ಯನವರನ್ನು ಅರಮನೆಗೆ ಕರೆತರಬೇಕೆಂದು ಅಪ್ಪಣೆ. ಕೇರಿಯವರೆಲ್ಲ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ನೋಡಿದರು. ಮಾಕಮ್ಮ ಕೈಕಟ್ಟಿಕೊಂಡು ನಿಂತಳು.

ಬೊಮ್ಮರಸಯ್ಯನವರು ಇಬ್ಬರ ಹೆಗಲ ಮೇಲೆ ಭಾರ ಹಾಕಿ ಬಾಗಿಲವರೆಗೆ ಬಂದರು. ಕಣ್ಣು ಗುಳಿಬಿದ್ದಿತ್ತು, ದನಿ ಉಡುಗಿತ್ತು.

"ಮಹಾಸ್ವಾಮಿಗಳಿಗೆ ನನ್ನ ವಂದನೆ ತಿಳಿಸಿ. ಈ ಬಾಗಿಲು ನನ್ನೊಬ್ಬನಿಗೆ ತೆರೆದರೆ, ಇವರಿಗೆ ಮುಚ್ಚಿರಲು ನಮಗೆ ಯಾವ ಹಕ್ಕೂ ಉಳಿಯುವುದಿಲ್ಲ. ಒಂದು ಬುಟ್ಟಿಗೆ ಬಾಗಿಲು ತೆರೆದದ್ದರ ಫಲವನ್ನು ಉಂಡಾಯಿತು. ಪಲ್ಲಕ್ಕಿ ಬೇಡ; ಅದನ್ನು ಹೊರುವವರಿಂದ ಇನ್ನಷ್ಟು ನೀರು ಹೊರಿಸಿ."

ದಿಡ್ಡಿಯನ್ನು ತಾವೇ ಎಳೆದು ಮುಚ್ಚಿದರು. ಮಾಕಮ್ಮನ ಕಟ್ಟಿದ ಕೈ ಬಿಟ್ಟಿತು. ಅವಳು ಓಡಿಬಂದು, ಬೀಳುತ್ತಿದ್ದ ಅವರನ್ನು ಹಿಡಿದು, ತನ್ನ ಸತ್ತ ಮಗನ ಚಾಪೆಯ ಮೇಲೆ ಮಲಗಿಸಿದಳು. ಹೊಸನೀರನ್ನು ಕಾಯಿಸಿ, ಆರಿಸಿ, ಚಿಪ್ಪಿನಲ್ಲಿ ಗುಟುಕು ಗುಟುಕಾಗಿ ಕುಡಿಸಿದಳು. ಪ್ರಧಾನಿಗಳು ಅದನ್ನು ಮೂಸಿ ನೋಡಲಿಲ್ಲ. ಪಲ್ಲಕ್ಕಿ ಮರಳಿದ ಎರಡನೆಯ ದಿನದ ನಡುಹಗಲಿಗೆ ಅವರ ಪ್ರಾಣ ಹೋಯಿತು. ಬಾಗಿಲು ಹಾಕಿಸಿದವನಿಗಾಗಿ ಎಲೆಗೇರಿ ತನ್ನ ಮನೆಯ ಹಿರಿಯನೇ ಹೋದಂತೆ ಗೋಳಾಡಿತು.

ಹೊಸನೀರು ಬಂದಮೇಲೆ ಬೇನೆ ಹಿಂಜರಿಯಿತು. ಹುಣ್ಣಿಮೆ ಕಳೆಯಿತು. ಬಾಗಿಲು ತೆರೆಯುವ ಬೆಳಿಗ್ಗೆ ಮುದ್ದವೀರ ಒಡೆಯರು ಪರಿವಾರಸಮೇತ ಬರಿಗಾಲಿನಲ್ಲಿ ಬಂದು ನಿಂತರು. ಅವರ ತಂದೆಯ ವರ್ಷವೂ ಮುಗಿದಿತ್ತು. ಅಂದು ಅವರ ಬಾಯಿಗೆ ಮೊದಲ ವೀಳ್ಯ ಸಲ್ಲಬೇಕಾಗಿತ್ತು. ನಗಾರಿ ಮೊಳಗಿತು, ಬಾಗಿಲು ಸರಿಯಿತು. ಮಾಕಮ್ಮ ಮುಂದೆ ಬಂದಳು. ಅವಳ ಕೈಯಲ್ಲಿ ಎಲೆಯಿರಲಿಲ್ಲ, ಒಂದು ಗಡಿಗೆಯಿತ್ತು.

"ಅಯ್ಯನವರು ಕಡೆಯಲ್ಲಿ ಏನಾದರೂ ಹೇಳಿದರೇ, ತಾಯಿ?" ಎಂದು ಒಡೆಯರು ಕೇಳಿದರು.

"ಹೇಳಿದ್ರು ಬುದ್ದಿ. ಬಾಗ್ಲು ತೆಗೆದ ದಿವ್ಸ ಮೊದ್ಲು ನಿನ್ ಮಗಳಿಗೆ ಗಂಜಿ ಕೊಟ್ ಬಾ, ಅರಮನೆಗೆ ಎಲೆ ಆಮೇಲೆ ಕಳ್ಸು ಅಂದ್ರು."

ಒಡೆಯರ ಕಣ್ಣು ತುಂಬಿ ಬಂತು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರ ಹಿಂದೆ ದಳವಾಯಿಗಳೂ ಛತ್ರ ಚಾಮರ ಹಿಡಿದವರೂ ಸರಿದರು. ಮುದುಕಿ ಗಡಿಗೆಯನ್ನು ಎದೆಗೊತ್ತಿಕೊಂಡು ಅವರೆಲ್ಲರ ನಡುವೆ ಹಾದು ಮಗಳ ಮನೆಯ ಕಡೆ ನಡೆದಳು. ಆ ದಿನ ಅರಮನೆಗೆ ಎಲೆ ತಲುಪಿದ್ದು ಮಧ್ಯಾಹ್ನ ತಿರುಗಿದ ಮೇಲೆ.